ಏರಿದರೆ ಬೈಗುಳ, ಇಳಿದರೆ ಭಯ

ಫೆಬ್ರವರಿ ೪

ಅತ್ತೆಗೆ ನಮಸ್ಕಾರ.

ನಿಮಗೆ ನಾನು ಪತ್ರ ಬರೆಯುತ್ತಿರುವುದು ಇದೇ ಮೊದಲು. ಅಪ್ಪ ಹೇಳಿದರು ಅಂತ ಬರೆಯುತ್ತಿದ್ದೇನೆ. ಫೋನ್ ಮಾಡೋಣವೆಂದರೆ, ಅಚ್ಚಿನ ಯಂತ್ರದ ಗದ್ದಲದಲ್ಲಿ ನಿಮ್ಮ ಕಿವಿ ಮಂದವಾಗಿದೆ, ಅರ್ಧ ಮಾತು ಕೇಳಿಸಿಕೊಂಡು ಉಳಿದರ್ಧಕ್ಕೆ ಬೈಯುತ್ತೀರಿ ಎಂದೂ ಅವರೇ ಹೇಳಿದರು. "ನಿಮ್ಮತ್ತೆ ಹನ್ನೆರಡನೇ ವಯಸ್ಸಿಂದ ಸೂಜಿ ಚುಚ್ಕೊಳ್ತಿದ್ದಾಳೆ, ಒಂದಿನ ಹೆಚ್ಚುಕಮ್ಮಿ ಆಗಿಲ್ಲ. ಅವಳನ್ನ ಕೇಳು, ನನ್ನ ತಲೆ ತಿನ್ಬೇಡ" ಅಂದರು. ಅದಕ್ಕೇ ನಿಮ್ಮ ತಲೆ.

ನನಗೆ ಇದು ಬಂದು ಎಂಟು ತಿಂಗಳಾಯಿತು. ಇಪ್ಪತ್ತೇಳು ವರ್ಷ ತೆಪ್ಪಗೆ ಕೆಲಸ ಮಾಡಿಕೊಂಡಿದ್ದ ಮೇದೋಜೀರಕ ಗ್ರಂಥಿ ಒಂದು ದಿನ ಅಂಗಡಿ ಮುಚ್ಚಿಕೊಂಡು ಹೋಯಿತು. ಡಾಕ್ಟರು ಹೇಳಿದ್ದು ಸರಳ. ದಿನವಿಡೀ ನಿಲ್ಲುವಂಥ ಸೂಜಿ ಬೆಳಿಗ್ಗೆ ಒಂದು, ಊಟ ತಿಂಡಿಗೆ ಒಂದೊಂದು. ತಿಂದದ್ದಕ್ಕೆ ತಕ್ಕ ಇನ್ಸುಲಿನ್, ಇನ್ಸುಲಿನ್‌ಗೆ ತಕ್ಕ ಊಟ. ಕೇಳುವುದಕ್ಕೆ ಸೊಗಸು. ಮಾಡಲು ಹೋದರೆ ಎತ್ತು ಏರಿಗೆ ಎಳೆಯುತ್ತದೆ, ಕೋಣ ನೀರಿಗೆ ಎಳೆಯುತ್ತದೆ. ಅದೇ ಅನ್ನ, ಅದೇ ಸೂಜಿ. ಸಕ್ಕರೆ ಮಾತ್ರ ಸೋಮವಾರ ೧೩೦, ಮಂಗಳವಾರ ೨೬೦, ಬುಧವಾರ ೬೨. ವ್ಯತ್ಯಾಸ ಏನೆಂದು ತಲೆ ಕೆರೆದುಕೊಂಡರೆ, ಮಂಗಳವಾರ ಸೂಪರ್‌ವೈಸರ್ ಜೊತೆ ಜಗಳ ಆಡಿದ್ದೆ, ಬುಧವಾರ ಲಿಫ್ಟು ಕೆಟ್ಟು ಮೆಟ್ಟಿಲು ಹತ್ತಿದ್ದೆ. ಜಗಳಕ್ಕೆ ಎಷ್ಟು ಇನ್ಸುಲಿನ್ನು, ಮೆಟ್ಟಿಲಿಗೆ ಎಷ್ಟು ಅನ್ನ ಎಂದು ಯಾವ ಪಟ್ಟಿಯಲ್ಲೂ ಬರೆದಿಲ್ಲ.

ನನ್ನ ಕೆಲಸ ನಿಮಗೆ ಗೊತ್ತಿದೆಯೋ ಇಲ್ಲವೋ. ಬಂದರಿನಲ್ಲಿ ಕ್ರೇನ್ ನಡೆಸುತ್ತೇನೆ. ಹತ್ತು ಮಹಡಿ ಎತ್ತರದಲ್ಲಿ ಗಾಜಿನ ನೆಲದ ಒಂದು ಡಬ್ಬಿ. ಅದರಲ್ಲಿ ಬಗ್ಗಿ ಕೂತು, ಕಾಲ ಸಂದಿಯಿಂದ ಕೆಳಗೆ ನೋಡುತ್ತಾ, ಹಡಗಿನಿಂದ ಕಂಟೇನರ್ ಎತ್ತಿ ಲಾರಿಗೆ ಇಡುವುದು. ಮೂರು ವರ್ಷದಲ್ಲಿ ಒಂದು ಲಾರಿಗೂ ಗೀರು ಬಿದ್ದಿಲ್ಲ. ನಾಲ್ಕು ಗಂಟೆಗೊಮ್ಮೆ ಬದಲಿ ಆಳು ಬಂದರೆ ಮಾತ್ರ ಇಳಿಯಬಹುದು. ಹೋದ ತಿಂಗಳು ಇಪ್ಪತ್ತು ಟನ್ನಿನ ಕಂಟೇನರ್ ಗಾಳಿಯಲ್ಲಿರುವಾಗ ಕೈ ನಡುಗತೊಡಗಿತು, ಬೆನ್ನೆಲ್ಲ ಬೆವರು. ಸಕ್ಕರೆ ಇಳಿದಿತ್ತು. ಗ್ಲೂಕೋಸ್ ಪುಡಿ ಬಾಯಿಗೆ ಸುರಿದುಕೊಂಡು ಕಾಲು ಗಂಟೆ ಹಾಗೇ ಕೂತೆ. ಕೆಳಗೆ ಕೇಳಿದವರಿಗೆ ಗಾಳಿ ಜೋರಾಗಿದೆ ಅಂದೆ. ಆಮೇಲೆ ಸರಿ ಮಾಡಿಕೊಂಡೆ ಬಿಡಿ.

ಇದರ ಮೇಲೆ ಉಪದೇಶದ ಕಾಟ. ಸಿಕ್ಕವರೆಲ್ಲ ವೈದ್ಯರೇ. "ಈ ವಯಸ್ಸಿಗೇ ಶುಗರ್ರಾ, ಅಷ್ಟೊಂದು ಸಿಹಿ ತಿಂದಿದ್ಯಾ" ಎಂದು ಕೇಳುತ್ತಾರೆ. ಇದು ಆ ಬಗೆಯದಲ್ಲ ಎಂದು ಹೇಳಿ ಹೇಳಿ ನಾಲಿಗೆ ಸವೆಯಿತು. ಅಮ್ಮನಂತೂ ಫೋನಿನಲ್ಲಿ ಹಲೋ ಅನ್ನುವುದಕ್ಕೆ ಮೊದಲೇ ಅಳುತ್ತಾರೆ.

ನೀವು ಹೇಗೆ ತೂಗಿಸುತ್ತೀರಿ, ಅಷ್ಟು ಹೇಳಿ.

ನಿಮ್ಮ ಅಣ್ಣನ ಮಗಳು


ಫೆಬ್ರವರಿ ೧೩

ಅಣ್ಣನ ಮಗಳಿಗೆ,

ಪತ್ರ ತಲುಪಿತು. ಒಂದು ಕಡೆ 'ಇನ್ಸುಲಿನ್' ಎಂದು, ಇನ್ನೊಂದು ಕಡೆ 'ಇನ್ಸುಲಿನ್ನು' ಎಂದು ಬರೆದಿದ್ದೀಯ. ಯಾವುದಾದರೂ ಒಂದನ್ನು ಇಟ್ಟುಕೊ. ಮೂವತ್ತು ವರ್ಷದಿಂದ ಕರಡು ತಿದ್ದುವವಳಿಗೆ ಇದು ಹಲ್ಲಿನಲ್ಲಿ ಸಿಕ್ಕ ನಾರಿನ ಹಾಗೆ.

ನಾನು ಶುರುಮಾಡಿದಾಗ ಗಾಜಿನ ಸಿರಿಂಜು. ದಿನಾ ಪಾತ್ರೆಯಲ್ಲಿ ಕುದಿಸಬೇಕು. ಸೂಜಿ ಮೊಂಡಾದರೆ ಸಾಣೆಕಲ್ಲಿನ ಮೇಲೆ ಉಜ್ಜಬೇಕು. ರಕ್ತದ ಮೀಟರು ಇರಲಿಲ್ಲ. ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಕಾಯಿಸಿ, ನೀಲಿಯೋ ಹಸಿರೋ ಇಟ್ಟಿಗೆ ಬಣ್ಣವೋ ಎಂದು ನೋಡಬೇಕು. ನಿಮ್ಮಪ್ಪ ಆ ನಳಿಕೆ ಕಂಡರೆ ಮೂಗು ಮುಚ್ಚಿಕೊಂಡು ಓಡುತ್ತಿದ್ದ. ನಿಮ್ಮ ಕಾಲಕ್ಕೆ ಇನ್ಸುಲಿನ್ ತುಂಬಿದ ಪೆನ್ನು ಬಂದಿದೆ, ಕೂದಲಿನಂಥ ಸೂಜಿ ಬಂದಿದೆ. ಆದರೂ ಗೋಳು.

ನಿನ್ನ ಪತ್ರದಲ್ಲಿ 'ಒಂದು ಬಟ್ಟಲು', 'ಸ್ವಲ್ಪ' ಎಂಬಂಥ ಮಾತು ಇಲ್ಲದಿದ್ದರೂ ತಟ್ಟೆಯಲ್ಲಿ ಇದ್ದೇ ಇರುತ್ತದೆ. ಬಟ್ಟಲು ಎಂದರೆ ಯಾರ ಬಟ್ಟಲು? ಒಂದು ತಕ್ಕಡಿ ತೆಗೆದುಕೊ. ಅನ್ನ, ಬ್ರೆಡ್ಡು, ಆಲೂಗಡ್ಡೆ, ಹಣ್ಣು, ತೂಕ ಹಾಕದೆ ಬಾಯಿಗೆ ಇಡಬೇಡ. ಗಂಟೆ, ತಿಂದದ್ದು, ಹಾಕಿದ ಯೂನಿಟ್ಟು, ಮೀಟರಿನ ಅಂಕಿ, ನಾಲ್ಕನ್ನೂ ಒಂದೇ ಸಾಲಿನಲ್ಲಿ ಬರೆ. ಹದಿನಾಲ್ಕು ದಿನದ್ದು ಕಳಿಸು, ನೋಡುತ್ತೇನೆ. ನನ್ನದು ತೊಂಬತ್ತರಿಂದ ನೂರಿಪ್ಪತ್ತರ ಆಚೀಚೆ ಹೋಗುವುದಿಲ್ಲ. ನಲವತ್ತಮೂರು ವರ್ಷದ ಪುಸ್ತಕಗಳಿವೆ, ಬೇಕಾದರೆ ಬಂದು ನೋಡು.

ಈಗ ಮೂರು ತಿಂಗಳಿಂದ ಕರಡು ಮನೆಗೇ ಬರುತ್ತದೆ. ಪ್ರೆಸ್ಸಿನ ಮೆಟ್ಟಿಲು ಬಹಳ ಕಡಿದಾಗಿದೆ, ಹತ್ತಿ ಬರುವುದು ಬೇಡವೆಂದು ಮಾಲೀಕರೇ ಹೇಳಿದರು. ಮನೆಯಲ್ಲಿ ಸದ್ದುಗದ್ದಲವಿಲ್ಲ. ಕೆಳಮನೆಯ ದರ್ಜಿ ಹೆಂಗಸು ಮಾತ್ರ ಆಗಾಗ ಮೇಲೆ ಬಂದು ಬಾಗಿಲು ತಟ್ಟಿ, ಚೆನ್ನಾಗಿದ್ದೀರಾ ಎಂದು ಕೇಳುತ್ತಾಳೆ. ಅವಳಿಗೆ ಬೇರೆ ಕೆಲಸವಿಲ್ಲ.

ಅತ್ತೆ


ಮಾರ್ಚ್ ೬

ಅತ್ತೆಗೆ ನಮಸ್ಕಾರ.

ಹದಿನಾಲ್ಕು ದಿನದ ಲೆಕ್ಕ ಈ ಪತ್ರದ ಜೊತೆಗಿದೆ. ನೀವು ಹೇಳಿದ ಹಾಗೇ ಒಂದೊಂದೇ ಸಾಲು. ನೋಡಿ, ಎಲ್ಲ ಹದ್ದುಬಸ್ತಿಗೆ ಬಂದಿದೆ. ನಿಮ್ಮ ಬೈಗುಳಕ್ಕೆ ನನ್ನ ಸಕ್ಕರೆಯೂ ಹೆದರಿರಬೇಕು.

ತಕ್ಕಡಿಯ ಕಥೆ ಕೇಳಿ. ಕ್ಯಾಂಟೀನಿನಲ್ಲಿ ನನ್ನ ಹಿಂದೆ ನಲವತ್ತು ಜನ ತಟ್ಟೆ ಹಿಡಿದು ನಿಂತಿರುವಾಗ ನಾನು ಅನ್ನ ತೂಗಿ, ಎರಡು ಚಮಚ ವಾಪಸ್ ಕೊಟ್ಟೆ. ಅಡುಗೆಯವನು ಸೌಟು ಎತ್ತಿ ಹಿಡಿದು, "ಇಲ್ಲಿ ಬಡಿಸೋದು ಊಟ ಕಣಮ್ಮ, ಚಿನ್ನ ಅಲ್ಲ" ಅಂದ. ಆವತ್ತಿನಿಂದ ಇಡೀ ಬಂದರಿಗೆ ನಾನು 'ತಕ್ಕಡಿ'. ಕೆಳಗಿನಿಂದ ವಾಕಿಟಾಕಿಯಲ್ಲೂ ಹಾಗೇ ಕರೆಯುತ್ತಾರೆ. ಸೂಪರ್‌ವೈಸರ್ ಕೂಡ.

ನಿಮ್ಮದು ಪುಣ್ಯ. ಮನೆಯಲ್ಲೇ ಕೂತು, ಗಂಟೆ ಹೊಡೆದಾಗ ತಿಂದು, ಗಂಟೆ ಹೊಡೆದಾಗ ಚುಚ್ಚಿಕೊಳ್ಳಬಹುದು. ನನಗೆ ನಾಲ್ಕು ಗಂಟೆಗೆ ಬರಬೇಕಾದ ಬದಲಿ ಆಳು ಐದಕ್ಕೆ ಬಂದರೂ ಕೇಳುವ ಹಾಗಿಲ್ಲ. ಊಟದ ಸೂಜಿ ಹಾಕಿಕೊಂಡು ಬಾಗಿಲಲ್ಲಿ ನಿಂತಾಗ "ಇನ್ನೊಂದೇ ಒಂದು ಕಂಟೇನರ್" ಅನ್ನುತ್ತಾರೆ. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಆದರೂ ನೋಡಿ, ಅಂಕಿಗಳೆಲ್ಲ ಚೆನ್ನಾಗಿವೆ.

ಅಮ್ಮನಿಗೆ ನೀವೇ ಒಂದು ಕಾಗದ ಬರೆದು, ಇವಳು ಸುಧಾರಿಸಿದ್ದಾಳೆ ಎಂದು ಹೇಳಿಬಿಡಿ. ನಿಮ್ಮ ಮಾತಾದರೆ ನಂಬುತ್ತಾರೆ.

ತಕ್ಕಡಿ


ಮಾರ್ಚ್ ೧೪

ತಕ್ಕಡಿಗೆ,

ನಿಮ್ಮಮ್ಮನಿಗೆ ಕಾಗದ ಬರೆಯುವುದಿಲ್ಲ. ಯಾಕೆಂದರೆ ನಿನ್ನ ಲೆಕ್ಕ ಸುಳ್ಳು.

ಹದಿನಾಲ್ಕು ದಿನ, ದಿನಕ್ಕೆ ನಾಲ್ಕು ಅಂಕಿ. ಐವತ್ತಾರರಲ್ಲಿ ಒಂದೂ ೧೧೦ರಿಂದ ಕೆಳಗಿಲ್ಲ, ೧೫೦ರಿಂದ ಮೇಲಿಲ್ಲ. ನಿನ್ನದು ಶರೀರವೋ ಗೋಡೆ ಗಡಿಯಾರವೋ? ಎರಡು ವಾರ ಒಂದೇ ಪೆನ್ನು, ಒಂದೇ ಒತ್ತು. ಒಂದು ಕಲೆಯಿಲ್ಲ, ಒಂದು ಚಿತ್ತಿಲ್ಲ, ಕ್ಯಾಂಟೀನಿನ ಎಣ್ಣೆಯ ಬೆರಳಿನ ಗುರುತಿಲ್ಲ. ಅನ್ನದ ಮೇಲೆ ಎರಡು ಬಾಳೆಹಣ್ಣು ತಿಂದ ದಿನ ೧೧೮ ಅಂತೆ. ನನಗೆ ಗಾಜಿನ ಸಿರಿಂಜಿನ ಕಾಲದಿಂದ ಈ ಕಾಯಿಲೆ. ಯಾರಿಗೆ ಹೇಳುತ್ತೀಯ?

ಇಷ್ಟೆಲ್ಲ ನೋಡುವ ಅಗತ್ಯವೂ ಇರಲಿಲ್ಲ. ಹದಿಮೂರನೇ ದಿನದ ತಾರೀಖು ಫೆಬ್ರವರಿ ೩೦ ಎಂದಿದೆ. ನಿಮ್ಮ ಬಂದರಿನಲ್ಲಿ ಆ ದಿನ ಬಂದಿದ್ದರೆ ನನಗೂ ಒಂದು ಕಳಿಸಿಕೊಡು, ಕೆಲಸ ಬಹಳ ಬಾಕಿ ಇದೆ.

ಒಂದೇ ಸಂಜೆ ಕೂತು ಎಲ್ಲವನ್ನೂ ಗೀಚಿದ್ದೀಯ. ಯಾರನ್ನು ಮೋಸ ಮಾಡಲು? ನಾನು ನಿನ್ನ ಡಾಕ್ಟರಲ್ಲ, ಸೂಪರ್‌ವೈಸರೂ ಅಲ್ಲ. ನಿಜವಾದ ಅಂಕಿ ಕಳಿಸು, ಇಲ್ಲವೇ ಅಂಚೆಯವನಿಗೆ ತೊಂದರೆ ಕೊಡಬೇಡ.

ಅತ್ತೆ


ಮಾರ್ಚ್ ೨೫

ಅತ್ತೆ,

ನಿಜ ಬೇಕಲ್ಲವೇ, ತೆಗೆದುಕೊಳ್ಳಿ. ೨೬೦, ೩೧೦, ೨೯೦, ೩೪೦. ಇವು ಮೊನ್ನೆ ಒಂದೇ ದಿನದವು. ನಿನ್ನೆಯದು ಇದಕ್ಕಿಂತ ಒಳ್ಳೆಯದೇನಲ್ಲ.

ಇನ್ಸುಲಿನ್ ಕಡಿಮೆ ಹಾಕುತ್ತಿದ್ದೇನೆ. ಬೇಕೆಂದೇ. ಜನವರಿಯಲ್ಲಿ ಕೈ ನಡುಗಿದ ದಿನದಿಂದ. ಕೆಲಸಕ್ಕೆ ಹತ್ತುವ ಮೊದಲು ಊಟದ ಸೂಜಿಯಲ್ಲಿ ಅರ್ಧ ಮಾತ್ರ. ಏರಿದರೆ ಏನಾಗುತ್ತದೆ? ಬಾಯಾರುತ್ತದೆ, ಸುಸ್ತಾಗುತ್ತದೆ, ಡಾಕ್ಟರು ಬೈಯುತ್ತಾರೆ. ಇಳಿದರೆ? ಕೆಳಗೆ ಲಾರಿಯ ಚಾಲಕರಿದ್ದಾರೆ, ಕಂಟೇನರಿನ ಕೊಂಡಿ ಬಿಚ್ಚುವವರಿದ್ದಾರೆ. ಅವರಲ್ಲೊಬ್ಬ ದಿನಾ ಬೆಳಿಗ್ಗೆ ಮೇಲೆ ನೋಡಿ ಕೈ ಬೀಸುತ್ತಾನೆ. ಅವನ ಹೆಸರೂ ನನಗೆ ಗೊತ್ತಿಲ್ಲ. ಅವನ ತಲೆಯ ಮೇಲೆ ನನ್ನ ಇಪ್ಪತ್ತು ಟನ್ ನಿಂತಿರುತ್ತದೆ.

ಬಂದರಿನ ಡಾಕ್ಟರಿಗೆ ಹೇಳಬಹುದಲ್ಲ ಅನ್ನುತ್ತೀರಿ. ಹೇಳಿದರೆ ಅವತ್ತೇ ಕೆಳಗಿಳಿಸುತ್ತಾರೆ. ಎಂದೂ ಸಕ್ಕರೆ ಇಳಿದಿಲ್ಲ ಎಂದು ತೋರಿಸಿದರೆ ಹತ್ತಬಹುದಂತೆ. ಸರಿಯಾಗಿ ಇನ್ಸುಲಿನ್ ಹಾಕಿದರೆ ಆಗೊಮ್ಮೆ ಈಗೊಮ್ಮೆ ಇಳಿದೇ ಇಳಿಯುತ್ತದೆ. ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ. ನಾನು ಏನು ಮಾಡಲಿ? ಈ ಕೆಲಸಕ್ಕೆ ಸೇರುವಾಗ ಹೆಂಗಸರಿಗೆ ಆ ಎತ್ತರದಲ್ಲಿ ತಲೆ ತಿರುಗುತ್ತದೆ ಎಂದು ನಕ್ಕವರು ಇನ್ನೂ ಅಲ್ಲೇ ಇದ್ದಾರೆ. ಅವರ ಮುಂದೆ ಇಳಿದು ಬರಬೇಕೇ?

ನಿಮಗೆ ಇದು ಅರ್ಥವಾಗುವುದಿಲ್ಲ. ನಿಮ್ಮ ಕೈ ನಡುಗಿದರೆ ಒಂದು ಅಲ್ಪವಿರಾಮ ಆಚೀಚೆ ಆಗುತ್ತದೆ, ಅಷ್ಟೇ. ಕುರ್ಚಿಯಲ್ಲಿ ಕೂತು, ತೊಂಬತ್ತು ನೂರಿಪ್ಪತ್ತು ಎಂದು ಬೀಗುವುದು ಸುಲಭ. ಇನ್ನು ಬರೆಯಬೇಡಿ. ಫೆಬ್ರವರಿ ಮೂವತ್ತಕ್ಕೆ ಬೇಕಾದರೆ ಬರೆಯಿರಿ.


ಏಪ್ರಿಲ್ ೩

ಅಣ್ಣನ ಮಗಳಿಗೆ,

ನಿನ್ನ ಕೋಪ ತಲುಪಿತು. ಬೇಡ ಎಂದಿದ್ದೀಯ, ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನೀನು ಆಡುತ್ತಿರುವುದು ಕೆಟ್ಟ ಆಟ. ಏರಿದರೆ ಬರೀ ಬಾಯಾರಿಕೆಯಲ್ಲ. ಇನ್ಸುಲಿನ್ ಸಾಲದಿದ್ದರೆ ರಕ್ತ ಹುಳಿಯಾಗುತ್ತದೆ. ಆಮೇಲೆ ಒಂದು ಸಣ್ಣ ಹೊಟ್ಟೆನೋವು ಬಂದರೂ ಸಾಕು.

ಒಂದೇ ಮಾತು ಕೇಳು. ವಾಂತಿಯಾಗಲಿ, ಜ್ವರ ಬರಲಿ, ಒಂದು ತುತ್ತೂ ಒಳಗೆ ಹೋಗದಿರಲಿ, ಬೆಳಗಿನ ಸೂಜಿ ನಿಲ್ಲಿಸಬೇಡ. ಊಟವಿಲ್ಲ ಎಂದು ಇನ್ಸುಲಿನ್ ಬೇಡ ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ನಾನು ಹದಿನೈದನೇ ವಯಸ್ಸಿನಲ್ಲಿ ಮಾಡಿದ್ದೆ. ನಿಮ್ಮಪ್ಪ ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ. ವಾಂತಿಯಾಗಲಿ, ಜ್ವರ ಬರಲಿ, ಒಂದು ತುತ್ತೂ ಒಳಗೆ ಹೋಗದಿರಲಿ, ಬೆಳಗಿನ ಸೂಜಿ ನಿಲ್ಲಿಸಬೇಡ. ನಿಲ್ಲಿಸಬೇಡ ಎಂದು ಕಿಟಕಿಯ ಕಿಟಕಿ ಮುಚ್ಚಿದ ಮೇಲೆ ಅಕ್ಕಿ ತೂಗಿ ಇಟ್ಟಿದ್ದೇನೆ ನಾಳೆ ಬುಧವಾರ ನೀನೇ ಪುಟ ಪುಟ


ಏಪ್ರಿಲ್ ೧೨

ಅತ್ತೆ,

ನಿಮ್ಮ ಪತ್ರವನ್ನು ಕರಡು ತಿದ್ದಿ ವಾಪಸ್ ಕಳಿಸಿದ್ದೇನೆ. ಕೆಂಪು ಪೆನ್ನು ಕ್ಯಾಂಟೀನಿನ ಅಡುಗೆಯವನದು. ಒಂದೇ ವಾಕ್ಯ ಎರಡು ಸಲ ಬಂದಿದೆ. ಎರಡನೆಯದನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಈಗಾಗಲೇ ಹೇಳಿದೆ' ಎಂದು ಬರೆದಿದ್ದೇನೆ. 'ಕಿಟಕಿಯ ಕಿಟಕಿ' ಎಂದರೆ ಏನು? ಕೊನೆಯ ವಾಕ್ಯಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಸಹಿ ಇಲ್ಲ. ಒಟ್ಟು ಒಂಬತ್ತು ತಪ್ಪು.

ನನ್ನ ಮೇಲಿನ ಸಿಟ್ಟಿಗೆ ಕೈ ಓಡಲಿಲ್ಲವೇ, ಅಥವಾ ಇನ್ನು ನನಗೆ ಇಷ್ಟು ಸಾಕು ಎನಿಸಿತೇ? ಮೂವತ್ತು ವರ್ಷದ ಅನುಭವ ಎಂದು ಬೇರೆ ಹೇಳುತ್ತೀರಿ.

ತಕ್ಕಡಿ


ಮೇ ೨

ಮಗಳೇ,

ಮೂರು ವಾರ ಉತ್ತರ ಬರೆಯಲಿಲ್ಲ. ನೀನು ಕಳಿಸಿದ ಹಾಳೆ ಮೇಜಿನ ಮೇಲೆಯೇ ಇತ್ತು. ದಿನಾ ನೋಡುತ್ತಿದ್ದೆ.

ಅಕ್ಷರ ನನ್ನದೇ. ಆದರೆ ಕೊನೆಯ ಆರು ಸಾಲು ಬರೆದ ನೆನಪು ನನಗಿಲ್ಲ. ಬರೆದು, ಲಕೋಟೆಗೆ ಹಾಕಿ, ಅಂಟಿಸಿ, ಅಂಚೆಪೆಟ್ಟಿಗೆಯ ತನಕ ನಡೆದು ಹೋಗಿ ಹಾಕಿ ಬಂದಿದ್ದೇನೆ. ಅದೂ ನೆನಪಿಲ್ಲ. ಮೀಟರಿನಲ್ಲಿ ಹಿಂದಿನ ಅಂಕಿಗಳು ಉಳಿದಿರುತ್ತವಲ್ಲ, ತೆಗೆದು ನೋಡಿದೆ. ಏಪ್ರಿಲ್ ಮೂರು, ಹನ್ನೊಂದು ಮುಕ್ಕಾಲು ಗಂಟೆ, ೪೧. ಆ ಹೊತ್ತಿಗೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ, ಮಡಿಲಲ್ಲಿ ಸಕ್ಕರೆ ಡಬ್ಬಿ ಇತ್ತು. ಅಷ್ಟು ಮಾತ್ರ ನೆನಪಿದೆ. ಲೆಕ್ಕದ ಪುಸ್ತಕದಲ್ಲಿ ಆ ದಿನ ನಾನು ೯೫ ಎಂದು ಬರೆದಿದ್ದೇನೆ.

ನಿನಗೆ ಸುಳ್ಳು ಹೇಳಿದೆ. ಪ್ರೆಸ್ಸಿನ ಮೆಟ್ಟಿಲಿನಿಂದಾಗಿ ನಾನು ಮನೆಯಲ್ಲಿ ಕೂತದ್ದಲ್ಲ. ನವೆಂಬರಿನಲ್ಲಿ ಶಾಲೆಯ ಗಣಿತದ ಪುಸ್ತಕವೊಂದರ ಕರಡು ನೋಡುತ್ತಿದ್ದೆ. ಹದಿನಾರು ಪುಟ ಸರಿಯಿದ್ದದ್ದನ್ನೆಲ್ಲ ತಪ್ಪು ಮಾಡಿ ಇಟ್ಟಿದ್ದೆ, ಅಂದವಾದ ಅಕ್ಷರದಲ್ಲಿ. ಅದು ಹಾಗೇ ಅಚ್ಚಾಯಿತು. ಮಾಲೀಕರು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, "ಇನ್ನು ಮನೆಯಲ್ಲೇ ನೋಡಿ ಅಮ್ಮ, ನಿಧಾನಕ್ಕೆ" ಎಂದು ಮೆತ್ತಗೆ ಹೇಳಿದರು. ಅದಾದ ಮೇಲೆ ನನ್ನ ಕರಡನ್ನು ಇನ್ನೊಬ್ಬರು ತಿರುಗಿ ನೋಡುತ್ತಾರೆ. ನನಗೆ ಗೊತ್ತಿಲ್ಲ ಎಂದು ಅವರು ತಿಳಿದಿದ್ದಾರೆ.

ಕೆಳಮನೆಯ ದರ್ಜಿ ಹೆಂಗಸು, ಒಮ್ಮೆ ಮೆಟ್ಟಿಲ ಮೇಲೆ ಬಿದ್ದಿದ್ದ ನನ್ನನ್ನು ಎತ್ತಿದವಳು. ಅದಕ್ಕೇ ಬಾಗಿಲು ತಟ್ಟುತ್ತಾಳೆ. ನಾನು ಕಾಲು ಜಾರಿತು ಎಂದಿದ್ದೆ.

ಸಕ್ಕರೆ ಇಳಿದರೆ ನನಗೆ ಈಗ ಗೊತ್ತೇ ಆಗುವುದಿಲ್ಲ. ಎರಡು ವರ್ಷವಾಯಿತು. ಕೈ ನಡುಗುವುದಿಲ್ಲ, ಬೆವರುವುದಿಲ್ಲ, ಎದೆ ಹೊಡೆದುಕೊಳ್ಳುವುದಿಲ್ಲ. ಸುಮ್ಮನೆ ದೀಪ ಆರುತ್ತದೆ. ಪದೇ ಪದೇ ಇಳಿಸಿಕೊಂಡರೆ ಮೈ ಹೇಳುವುದನ್ನೇ ಬಿಟ್ಟುಬಿಡುತ್ತದೆಯಂತೆ. ಕೆಲವು ತಿಂಗಳು ಸಕ್ಕರೆಯನ್ನು ಮೇಲೆಯೇ ಇಟ್ಟುಕೊಂಡರೆ ಆ ಎಚ್ಚರ ತಿರುಗಿ ಬರಬಹುದು ಎಂದು ಡಾಕ್ಟರು ಹೋದ ವರ್ಷವೇ ಹೇಳಿದ್ದರು. ನಾನು ಕೇಳಲಿಲ್ಲ. ೧೫೦ ಕಂಡರೆ ನನಗೆ ಅವಮಾನವಾಗುತ್ತಿತ್ತು. ಓದಿನಲ್ಲಿ ನಿಮ್ಮಪ್ಪ ಮುಂದೆ, ಮದುವೆ ನನಗೆ ಆಗಲಿಲ್ಲ. ಅಂಕಿಯೊಂದು ಮಾತ್ರ ನನ್ನ ಮಾತು ಕೇಳುತ್ತಿತ್ತು.

ಜನವರಿಯಲ್ಲಿ ಕೈ ನಡುಗಿತು ಎಂದು ನೀನು ಬರೆದಿದ್ದೆ. ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ನಿನಗೆ ಅದು ಇನ್ನೂ ಇದೆ. ಅದನ್ನು ಶತ್ರು ಎಂದು ತಿಳಿಯಬೇಡ. ನಿಮ್ಮಪ್ಪನಿಗೆ ಇದ್ಯಾವುದನ್ನೂ ಹೇಳಬೇಡ.

ಅತ್ತೆ


ಮೇ ೧೬

ಅತ್ತೆ,

ನಿಮ್ಮ ಪತ್ರ ರೂಮಿನಲ್ಲಿ ಐದು ದಿನ ಒಡೆಯದೆ ಬಿದ್ದಿತ್ತು. ನಾನು ಆಸ್ಪತ್ರೆಯಲ್ಲಿದ್ದೆ. ಈಗ ಸರಿಯಾಗಿದ್ದೇನೆ, ಓದುವಾಗ ಕೈ ನಡುಗಿಸಿಕೊಳ್ಳಬೇಡಿ. (ನಿಮಗೆ ನಡುಗುವುದಿಲ್ಲ, ಗೊತ್ತು. ತಮಾಷೆ ಮಾಡಲು ಬರುವುದಿಲ್ಲ ನನಗೆ, ಕ್ಷಮಿಸಿ.)

ಕ್ಯಾಂಟೀನಿನ ಹಳಸಿದ ಬೇಳೆ ತಿಂದು ಹೊಟ್ಟೆ ಕೆಟ್ಟಿತು. ಎರಡು ದಿನ ಕುಡಿದ ನೀರೂ ನಿಲ್ಲಲಿಲ್ಲ. ಏನೂ ತಿಂದಿಲ್ಲವಲ್ಲ, ಇನ್ಸುಲಿನ್ ಯಾಕೆ ಎಂದು ಬಿಟ್ಟೆ. ಎಲ್ಲರೂ ಮಾಡುವ ತಪ್ಪು. ಎರಡನೆಯ ದಿನ ಮಧ್ಯಾಹ್ನ, ನನ್ನ ಜೊತೆ ರೂಮಿನಲ್ಲಿರುವ ವೆಲ್ಡರ್ ಹುಡುಗಿ ಹಣೆ ಮುಟ್ಟಲು ಬಗ್ಗಿದವಳು ಹಿಂದೆ ಸರಿದಳು. "ನಿನ್ನ ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರ್ತಿದೆ ಕಣೇ, ಏನು ತಿಂದೆ" ಅಂದಳು. ಏನೂ ತಿಂದಿಲ್ಲ ಎಂದು ಹೇಳುವಾಗಲೇ ನಿಮ್ಮ ಆ ವಾಕ್ಯ ನೆನಪಾಯಿತು. ಹೊಡೆದುಹಾಕಲು ಎರಡು ಸಲ ಓದಿದ್ದೆನಲ್ಲ. ಒಮ್ಮೆ ಮಾತ್ರ ಬರೆದಿದ್ದರೆ, ಆ ಸಿಟ್ಟಿನಲ್ಲಿ ನಾನು ಅದನ್ನು ಓದುತ್ತಿದ್ದೆನೋ ಇಲ್ಲವೋ.

ಸೂಜಿ ಚುಚ್ಚಿಕೊಂಡು, ಅವಳ ಭುಜ ಹಿಡಿದು ಆಸ್ಪತ್ರೆಗೆ ಹೋದೆ. ಮೀಟರು ಅಂಕಿಯನ್ನೇ ತೋರಿಸಲಿಲ್ಲ, ಬಹಳ ಮೇಲೆ ಎಂದಷ್ಟೇ ತೋರಿಸಿತು. ಎರಡೂ ಕೈಗೆ ನಳಿಕೆ ಹಾಕಿದರು. ಮಾರನೇ ದಿನ ಡಾಕ್ಟರು ಮಂಚದ ತುದಿಯಲ್ಲಿ ನಿಂತು, "ಇನ್ನರ್ಧ ದಿನ ಬಿಟ್ಟಿದ್ರೆ ನಾನು ನಿಮ್ಮಪ್ಪನಿಗೆ ಫೋನ್ ಮಾಡಬೇಕಾಗ್ತಿತ್ತು" ಅಂದರು. ಬೈಯಲಿಲ್ಲ. ಏರಿದರೆ ಬೈಗುಳ ಅಷ್ಟೇ ಅಂತ ಅಂದುಕೊಂಡಿದ್ದವಳು ನಾನು.

ರೂಮಿಗೆ ಬಂದು ನಿಮ್ಮ ಪತ್ರ ಓದಿದೆ. ನಾಲ್ಕು ಸಲ ಓದಿದೆ. ಮಾರನೆಯ ಬೆಳಿಗ್ಗೆ ಬಂದರಿನ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆ. ಜನವರಿಯದು, ಗಾಳಿ ಎಂದು ಸುಳ್ಳು ಹೇಳಿದ್ದು, ಅರ್ಧ ಸೂಜಿ, ಎಲ್ಲ. ನೀವು ಬುದ್ಧಿ ಹೇಳಿದಿರಿ ಎಂದು ಹೋಗಲಿಲ್ಲ. ನೀವೂ ಸುಳ್ಳು ಬರೆದಿರಿ ಎಂದು ತಿಳಿದಾಗ ಧೈರ್ಯ ಬಂತು. ಮೂರು ತಿಂಗಳು ಕೆಳಗೆ ಕೆಲಸ, ಆಮೇಲೆ ನೋಡೋಣ ಅಂದರು. ಗೇಟಿನಲ್ಲಿ ಕೂತು ಕಂಟೇನರಿನ ಬೆನ್ನ ಮೇಲಿನ ನಂಬರು ಓದಿ ಪಟ್ಟಿಯ ಜೊತೆ ತಾಳೆ ನೋಡುವುದು. ಒಂದೊಂದಕ್ಕೆ ಹನ್ನೊಂದು ಅಕ್ಷರ. ಬೇಸರಕ್ಕೆ ಪ್ರಾಣ ಹೋಗುತ್ತದೆ.

ಈಗ ನಿಮ್ಮ ವಿಷಯ. ಅಪ್ಪನಿಗೆ ಹೇಳಬೇಡ ಅಂದಿರಿ. ಹೇಳುವುದಿಲ್ಲ, ಒಂದು ಷರತ್ತಿನ ಮೇಲೆ. ಆ ದರ್ಜಿ ಹೆಂಗಸಿಗೆ ಇವತ್ತೇ ನಿಜ ಹೇಳಿ. ಡಾಕ್ಟರು ಹೇಳಿದಷ್ಟು ಮೇಲೆ ಇಟ್ಟುಕೊಳ್ಳಿ. ಹದಿನಾಲ್ಕು ದಿನದ ಲೆಕ್ಕ ಕಳಿಸಿ, ಒಂದೇ ಸಾಲಿನಲ್ಲಿ. ಇಲ್ಲದಿದ್ದರೆ ಫೋನ್ ನನ್ನ ಪಕ್ಕದಲ್ಲೇ ಇದೆ.

ತಕ್ಕಡಿ


ಜೂನ್ ೮

ಬೆದರಿಕೆ ಹಾಕುವ ಮಗಳಿಗೆ,

ಹದಿನಾಲ್ಕು ದಿನದ್ದು ಕಳಿಸಿದ್ದೇನೆ. ನೋಡಲು ಅಸಹ್ಯವಾಗಿದೆ. ೧೯೦, ೧೭೦, ೨೧೦, ನಡುವೆ ಒಂದು ೬೬. ನಲವತ್ತಮೂರು ವರ್ಷ ಕಾಪಾಡಿದ್ದನ್ನು ಹೊಸ ಡಾಕ್ಟರು, ನಿನ್ನ ವಯಸ್ಸಿನವಳು, ಒಂದೇ ಮಾತಿನಲ್ಲಿ ತಳ್ಳಿಹಾಕಿದಳು. "೧೪೦ರ ಕೆಳಗೆ ಹೋಗಕೂಡದು, ೧೮೦ ಇದ್ರೂ ನಂಗೆ ಸಂತೋಷವೇ" ಅಂದಳು. ಅವಳಿಗೆ ಸಂತೋಷವಂತೆ. ನಾನು ದಿನಾ ಹತ್ತೂವರೆಗೆ, ಹಸಿವಿಲ್ಲದಿದ್ದರೂ, ಒಂದು ಬಿಸ್ಕತ್ತು ನುಂಗಿ ಮೀಟರು ನೋಡಿದ ಮೇಲೆಯೇ ಕರಡು ಮುಟ್ಟಬೇಕು.

ದರ್ಜಿ ಹೆಂಗಸಿಗೆ ಹೇಳಿದೆ. ಹೇಳುವುದಕ್ಕೆ ಎರಡು ದಿನ ಮೆಟ್ಟಿಲು ಹತ್ತಿ ಇಳಿದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಲೂ ಇಲ್ಲ. "ಕಾಲು ಜಾರಿದವರ ಮುಖ ಹಾಗಿರಲ್ಲ, ನಂಗೆ ಆವತ್ತೇ ಗೊತ್ತಿತ್ತು, ನೀವಾಗೇ ಹೇಳ್ಲಿ ಅಂತ ಸುಮ್ನಿದ್ದೆ" ಅಂದಳು. ಈಗ ಅವಳ ಬಳಿ ನನ್ನ ಮನೆಯ ಬೀಗದಕೈ ಇದೆ. ಹನ್ನೊಂದಕ್ಕೆ ಬಂದು, ನಾನು ಸರಿಯಾಗಿ ಉತ್ತರ ಕೊಡುತ್ತೇನೋ ಎಂದು ಪರೀಕ್ಷೆ ಮಾಡುತ್ತಾಳೆ. ಮೊನ್ನೆ ನಿನ್ನ ಹೆಸರು ಕೇಳಿದಳು, ಹೇಳಿದೆ. ತಾನು ಹೊಲಿಯುತ್ತಿರುವ ಬಟ್ಟೆ ಯಾವ ಬಣ್ಣ ಎಂದು ಕೇಳಿದಳು. ಅದು ಯಾವ ಬಣ್ಣವೋ ಸಕ್ಕರೆ ಸರಿಯಿದ್ದರೂ ಹೇಳಲಾಗದು.

ಪ್ರೆಸ್ಸಿನ ಮಾಲೀಕರಿಗೂ ಬರೆದು ತಿಳಿಸಿದೆ. ಉತ್ತರ ಇನ್ನೂ ಬಂದಿಲ್ಲ.

ನೀನು ಆಸ್ಪತ್ರೆಯಲ್ಲಿದ್ದದ್ದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಸೂಜಿ ಹಾಕಿಯಾಗಿತ್ತು, ಆದ್ದರಿಂದ ತಿನ್ನಲೇಬೇಕಾಯಿತು. ಈ ಕಾಯಿಲೆಯಲ್ಲಿ ನೆಟ್ಟಗೆ ದುಃಖ ಪಡಲೂ ಬಿಡುವಿಲ್ಲ.

ಅತ್ತೆ


ಆಗಸ್ಟ್ ೧೯

ಅತ್ತೆ,

ಮೂರು ತಿಂಗಳು ಮುಗಿಯಿತು. ನಿನ್ನೆ ಕರೆಸಿದ್ದರು. ಮೇಜಿನ ಆಚೆ ಬಂದರಿನ ಡಾಕ್ಟರು, ಸೂಪರ್‌ವೈಸರ್, ಆಫೀಸಿನವರೊಬ್ಬರು. ನನ್ನ ಪುಸ್ತಕ ಮುಂದಿಟ್ಟೆ. ಬಹುಪಾಲು ಅಂಕಿ ಚೆನ್ನಾಗಿದ್ದವು, ಕೆಲವು ಏರಿದ್ದವು, ಎರಡು ಸಲ ಇಳಿದಿತ್ತು, ೬೬ ಮತ್ತು ೬೪. ಎರಡು ಸಲವೂ ನನಗೆ ಮೊದಲೇ ತಿಳಿದು, ಗ್ಲೂಕೋಸ್ ತಿಂದು, ಕಾಲು ಗಂಟೆಯ ನಂತರ ಮತ್ತೆ ನೋಡಿ ಬರೆದಿದ್ದೆ. ಡಾಕ್ಟರು ಒಳ್ಳೆಯ ಪುಸ್ತಕ ಅಂದರು. ಆಫೀಸಿನವರು ಆ ಎರಡು ಅಂಕಿಗೆ ಮಾತ್ರ ಗೆರೆ ಎಳೆದರು.

ಇನ್ನೂ ಮೂರು ತಿಂಗಳಂತೆ. ಆಮೇಲೂ ಒಬ್ಬಳೇ ಹತ್ತುವ ಹಾಗಿಲ್ಲ, ಕ್ಯಾಬಿನ್ನಿನಲ್ಲಿ ಇನ್ನೊಬ್ಬರು ಇರಬೇಕು, ಎರಡು ಗಂಟೆಗೊಮ್ಮೆ ಇಳಿಯಬೇಕು. ಸುಳ್ಳು ಬರೆದಾಗ ಮೇ ತನಕ ಮೇಲಿದ್ದೆ, ನಿಜ ಬರೆದು ಕೆಳಗಿದ್ದೇನೆ ಅಂದೆ. ಆಫೀಸಿನವರು ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದರು. ಸೂಪರ್‌ವೈಸರ್ ಹೊರಗೆ ಬಂದು, "ಮೂರ್ತಿಂಗ್ಳು ಏನ್ಮಹಾ, ಆ ಕುರ್ಚೀಲಿ ಬೇರೆಯವರನ್ನ ಕಾಯಂ ಮಾಡಿಲ್ಲ ನಾನು" ಅಂದ. ಅವನ ಮೇಲೆ ಮೂರು ವರ್ಷದಿಂದ ಸಿಟ್ಟಿತ್ತು. ಅದೂ ಈಗ ಅರ್ಧಕ್ಕೆ ಇಳಿದು, ಯಾರನ್ನು ಬೈಯಬೇಕೋ ತಿಳಿಯುತ್ತಿಲ್ಲ.

ರೂಮಿಗೆ ಬಂದು ಕಸದ ಬುಟ್ಟಿಗೆ ಒದ್ದೆ. ಆಮೇಲೆ ಶುಗರ್ ನೋಡಿದರೆ ೨೨೦. ಸಿಟ್ಟಿಗೂ ಇನ್ಸುಲಿನ್ ಹಾಕಬೇಕು.

ನಿಮ್ಮದು ಹೇಗಿದೆ? ಎರಡು ವಾರದಿಂದ ಲೆಕ್ಕ ಬಂದಿಲ್ಲ.

ತಕ್ಕಡಿ


ಆಗಸ್ಟ್ ೩೦

ಮಗಳೇ,

ಮೂರು ತಿಂಗಳು ತಾನೇ, ಹೋಗಲಿ ಎಂದು ನಾನು ಹೇಳುವುದಿಲ್ಲ. ಅನ್ಯಾಯ ಅನ್ಯಾಯವೇ. ಇನ್ನೊಂದು ಪುಸ್ತಕ ತುಂಬಿಸಿ ಅವರ ಮುಂದೆ ಇಡು. ಗೆರೆ ಎಳೆದು ಎಳೆದು ಅವರ ಪೆನ್ನು ಒಣಗಲಿ.

ಇವತ್ತು ಬೆಳಿಗ್ಗೆ ನಡೆದದ್ದನ್ನು ಹೇಳುತ್ತೇನೆ. ಮಾರುಕಟ್ಟೆಯಿಂದ ಬರುವಾಗ ಆಲೂಗಡ್ಡೆಯ ಚೀಲ ಭಾರವಾಗಿತ್ತು. ಎರಡನೇ ಮಹಡಿಯ ತಿರುವಿನಲ್ಲಿ ಬೆರಳು ಕಂಪಿಸತೊಡಗಿತು. ಚೀಲದ ಭಾರಕ್ಕೆ ಎಂದುಕೊಂಡು ಕೆಳಗಿಟ್ಟೆ. ಕಂಪನ ನಿಲ್ಲಲಿಲ್ಲ. ಕುತ್ತಿಗೆಯ ಹಿಂದೆ ತಣ್ಣಗಾಯಿತು, ಮೇಲ್ತುಟಿಯ ಮೇಲೆ ಬೆವರು, ಎದೆ ಡಬಡಬ ಎಂದಿತು. ಏನಿದು ಎಂದು ಒಂದು ಕ್ಷಣ ಗಾಬರಿಯಾಯಿತು. ಆಮೇಲೆ ಹೊಳೆಯಿತು. ಮೀಟರು ನೋಡಿದರೆ ೬೩. ಮೈ ನನಗೆ ಹೇಳುತ್ತಿತ್ತು, ಎರಡು ವರ್ಷದ ಮೇಲೆ.

ಅಲ್ಲೇ ಮೆಟ್ಟಿಲ ಮೇಲೆ ಕೂತು ನಡುಗುತ್ತಾ ನಗುತ್ತಿದ್ದೆ. ದರ್ಜಿ ಹೆಂಗಸು ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡೇ ಓಡಿ ಬಂದಳು. ಈ ಸಲ ಪೂರ್ತಿ ತಲೆ ಕೆಟ್ಟಿತು ಎಂದುಕೊಂಡಿರಬೇಕು.

"ಬೆವರು ಬಂತು ಕಣ್ರೀ" ಅಂದೆ.

ಅವಳು ತನ್ನ ಸೆರಗಿನಿಂದಲೇ ನನ್ನ ಮುಖ ಒರೆಸಿ, ಒಳಗೆ ಹೋಗಿ ಚಹಾ ತಂದಳು. ಮೂರು ಚಮಚ ಸಕ್ಕರೆ ಸಾಕಿತ್ತು. ಸಂತೋಷಕ್ಕೆ ಅವಳು ಆರು ಹಾಕಿದ್ದಳು, ಸಂತೋಷಕ್ಕೆ ನಾನೂ ಪೂರ್ತಿ ಕುಡಿದೆ, ಮೇಲೆ ಎರಡು ಬಿಸ್ಕತ್ತು. ಈಗ ಊಟದ ಹೊತ್ತು. ತಟ್ಟೆ ತಣ್ಣಗಾಗುತ್ತಿದೆ, ಇದಕ್ಕೆಲ್ಲ ಎಷ್ಟು ಯೂನಿಟ್ಟು ಎಂದು ಲೆಕ್ಕ ಹಾಕಿ ಸಾಕಾಗಿ ಈ ಕಾಗದ ಹಿಡಿದು ಕೂತಿದ್ದೇನೆ. ಮೀಟರು ೨೪೦ ತೋರಿಸುತ್ತಿದೆ, ಹಾಳಾದ್ದು.

ಪುಸ್ತಕದಲ್ಲಿ ೨೪೦ ಎಂದೇ ಬರೆದೆ.

ಅತ್ತೆ